ದೇವಿಕೆರೆ ಬದಿಯ ಮಾಳಿಗೆಯಲ್ಲಿ ಎಂಟು ಭಾನುವಾರ

ಶಿರಸಿಯ ದೇವಿಕೆರೆಯ ಹಿಂಬದಿಯ ಓಣಿಯಲ್ಲಿ, ಹಳೆಯ ಹೆಂಚಿನ ಮನೆಯೊಂದರ ಮಾಳಿಗೆಯ ಮೇಲೆ, ಕಳೆದ ಮಳೆಗಾಲದಲ್ಲಿ ಎಂಟು ಭಾನುವಾರಗಳ ಕಾಲ ನಡೆದ ಓದಿನ ತರಗತಿಗೆ 1,500 ರೂಪಾಯಿ ಶುಲ್ಕ ಕೊಟ್ಟು ಸೇರಿದವರಲ್ಲಿ ನಾನೂ ಒಬ್ಬ. ತರಗತಿಗೆ ಫಲಕವಿಲ್ಲ, ಊರಿನವರು ಅದನ್ನು ‘ಮಾಳಿಗೆ ಕ್ಲಾಸು’ ಎಂದೇ ಕರೆಯುತ್ತಾರೆ. ವರ್ಷಕ್ಕೊಂದು ವಿಷಯವನ್ನು ಎತ್ತಿಕೊಳ್ಳುವ ಕ್ರಮ ಅವರದು. ಈ ಸಲ ಎತ್ತಿಕೊಂಡದ್ದು ಅಮೆರಿಕದ ಸಾರ್ವಜನಿಕ ಬದುಕಿನಲ್ಲಿ ನಾಗರಿಕ ಸ್ವಾತಂತ್ರ್ಯ, ಧಾರ್ಮಿಕ ನಂಬಿಕೆ ಮತ್ತು ರಾಜಕೀಯ ಭಿನ್ನಮತ. ತೋಟಕ್ಕೆ ಕೊಳೆ ಔಷಧಿ ಹೊಡೆಸುವ ದಿನಗಳಲ್ಲಿ, ಅದೂ ಹಣ ಕೊಟ್ಟು, ಇಂಥದನ್ನು ಕೇಳಲು ಯಾರು ಬಂದಾರು ಎಂದುಕೊಂಡು ಮೆಟ್ಟಿಲು ಹತ್ತಿದರೆ ಅಲ್ಲಿ ಆಗಲೇ ಹದಿನೆಂಟು ಜನ ಕುಳಿತಿದ್ದರು, ನಾನು ಹತ್ತೊಂಬತ್ತನೆಯವನು. ಮಾತನಾಡಿಸಿದಾಗ ಕಾರಣ ತಿಳಿಯಿತು: ಹೆಚ್ಚಿನವರ ಮನೆಯ ಒಬ್ಬ ಮಗನೋ ಸೊಸೆಯೋ ಮೊಮ್ಮಗಳೋ ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಇದ್ದಾರೆ, ಅಲ್ಲಿನ ಗಲಾಟೆಯ ಸುದ್ದಿ ಫೋನಿನಲ್ಲಿ ಬರುತ್ತಿರುತ್ತದೆ, ಅದರ ಬುಡ ಯಾವುದು ತುದಿ ಯಾವುದು ಎಂಬುದು ಇಲ್ಲಿಯವರಿಗೆ ಹತ್ತುವುದಿಲ್ಲ.

ನಾನು ಹೋದದ್ದಕ್ಕೆ ಕಾರಣ ಬೇರೆ ಇತ್ತು. ಘಟ್ಟದ ಕೆಳಗಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಆ ವರ್ಷಗಳಲ್ಲಿ ಮಾಡಿದ ಒಂದು ಕೆಲಸ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ಪಾಠ ಹೇಳುವವರು ಇಬ್ಬರು. ಒಬ್ಬರು ವೃತ್ತಿಯಿಂದ ನಿವೃತ್ತರಾದ ವಕೀಲರು. ಇನ್ನೊಬ್ಬರು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವರು. ಅವರನ್ನು ನಾವೆಲ್ಲ ನಮ್ಮ ಕಡೆಯ ರೂಢಿಯಂತೆ ಅಕ್ಕೋರು ಎಂದು ಕರೆಯುತ್ತಿದ್ದೆವು. ಶುಲ್ಕದಲ್ಲೇ ಜೆರಾಕ್ಸ್ ಮಾಡಿ ಸುರುಳಿ ತಂತಿ ಹಾಕಿದ 140 ಪುಟಗಳ ಪುಸ್ತಿಕೆಯೊಂದು ಸಿಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಿನ ಹನ್ನೆರಡು ತೀರ್ಪುಗಳ ಮುಖ್ಯ ಭಾಗಗಳನ್ನು ಅದರಲ್ಲಿ ಕನ್ನಡಕ್ಕೆ ತಂದಿದ್ದಾರೆ. ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ತರಗತಿ, ನಡುವೆ ಕಷಾಯ ಮತ್ತು ಒಗ್ಗರಣೆ ಅವಲಕ್ಕಿ. ಅವಲಕ್ಕಿಯ ಬಗ್ಗೆ ದೂರಿಲ್ಲ.

ಮೊದಲ ಭಾನುವಾರ ಸಂವಿಧಾನದ ಪುಟ ತೆರೆಯುತ್ತಾರೆಂದು ನಾವು ಕಾದಿದ್ದರೆ ವಕೀಲರು 17ನೆಯ ಶತಮಾನದಿಂದ ಆರಂಭಿಸಿದರು. ತಮ್ಮ ನಂಬಿಕೆಗೆ ಇಂಗ್ಲೆಂಡಿನಲ್ಲಿ ಜಾಗವಿಲ್ಲವೆಂದು ಕಡಲು ದಾಟಿ ಬಂದ ಪ್ಯೂರಿಟನ್ನರು ಮ್ಯಾಸಚೂಸೆಟ್ಸ್‌ನಲ್ಲಿ ತಾವೇ ಆಳುವವರಾದಾಗ, ತಮಗಿಂತ ಬೇರೆಯಾಗಿ ದೇವರನ್ನು ಕಂಡವರನ್ನು ಉಳಿಯಗೊಡಲಿಲ್ಲ. ರಾಜರ್ ವಿಲಿಯಮ್ಸ್ ಎಂಬ ಪಾದ್ರಿಗೆ 1635ರಲ್ಲಿ ಗಡಿಪಾರಿನ ಶಿಕ್ಷೆಯಾಯಿತು. ಆತ ಮರುವರ್ಷ ಪ್ರಾವಿಡೆನ್ಸ್ ಎಂಬ ಊರು ಕಟ್ಟಿ, ಯಾರ ಮನಸ್ಸಾಕ್ಷಿಯ ಮೇಲೂ ಊರಿನ ಅಧಿಕಾರ ನಡೆಯಕೂಡದೆಂಬ ನಿಯಮ ಇಟ್ಟುಕೊಂಡ. ಕ್ವೇಕರ್ ಪಂಥದ ಮೇರಿ ಡೈಯರ್ ಎಂಬ ಹೆಂಗಸನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಗಡಿಪಾರು ಮಾಡಿದ ಮೇಲೂ ಆಕೆ ತಿರುಗಿ ತಿರುಗಿ ಬಂದದ್ದೇ ಅಪರಾಧವಾಗಿತ್ತು. ಇಷ್ಟಾದ ಮೇಲೆ 1791ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೊದಲನೆಯ ತಿದ್ದುಪಡಿಯನ್ನು ನಮ್ಮಿಂದಲೇ ಗಟ್ಟಿಯಾಗಿ ಓದಿಸಿದರು. ಇಂಗ್ಲಿಷಿನಲ್ಲಿ ಅದು ಬರೀ 45 ಪದಗಳು. ಮಾತು, ಪತ್ರಿಕೆ, ಸಭೆ, ಸರ್ಕಾರಕ್ಕೆ ಮನವಿ ಎಲ್ಲವೂ ಅದರಲ್ಲಿವೆ, ಆದರೆ ಎಲ್ಲಕ್ಕಿಂತ ಮುಂದೆ ಇರುವುದು ಧರ್ಮದ ಮಾತು: ಸರ್ಕಾರ ತನ್ನದೊಂದು ಮತವನ್ನು ಸ್ಥಾಪಿಸಬಾರದು, ಯಾರ ಮತಾಚರಣೆಗೂ ಅಡ್ಡ ಬರಬಾರದು.

ಸರ್ಕಾರಕ್ಕೂ ಚರ್ಚಿಗೂ ನಡುವೆ ಗೋಡೆ ಇರಬೇಕೆಂಬ ಮಾತನ್ನು ದೇವರಲ್ಲಿ ನಂಬಿಕೆಯಿಲ್ಲದವರು ತಂದದ್ದೆಂದು ನಾನು ಇಷ್ಟು ವರ್ಷ ತಿಳಿದಿದ್ದೆ, ಮಕ್ಕಳಿಗೂ ಹೆಚ್ಚುಕಡಿಮೆ ಹಾಗೆಯೇ ಹೇಳಿದ್ದೆ. ಅಧ್ಯಕ್ಷ ಜೆಫರ್ಸನ್ 1802ರ ಜನವರಿ 1ರಂದು ಆ ಗೋಡೆಯ ಮಾತನ್ನು ಬರೆದದ್ದು ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರ ಪತ್ರಕ್ಕೆ ಉತ್ತರವಾಗಿ. ಅವರು ಪರಮ ದೈವಭಕ್ತರು. ಅವರ ರಾಜ್ಯದಲ್ಲಿ ಮಾತ್ರ ಸರ್ಕಾರದ ಬೆಂಬಲವಿದ್ದ ಚರ್ಚು ಬೇರೆಯವರದಾಗಿತ್ತು, ಅದರ ತೆರಿಗೆಯಿಂದ ತಪ್ಪಿಸಿಕೊಳ್ಳಲು ಇವರು ಪ್ರಮಾಣಪತ್ರ ಒಪ್ಪಿಸಬೇಕಾಗಿತ್ತು. ಮೊದಲನೆಯ ತಿದ್ದುಪಡಿ ಆಗ ಕೇಂದ್ರ ಸರ್ಕಾರವನ್ನು ಮಾತ್ರ ಕಟ್ಟಿಹಾಕಿತ್ತು, ರಾಜ್ಯಗಳನ್ನಲ್ಲ. ಮ್ಯಾಸಚೂಸೆಟ್ಸ್ ತನ್ನ ಅಧಿಕೃತ ಚರ್ಚನ್ನು ಕೈಬಿಟ್ಟದ್ದು 1833ರಲ್ಲಿ. ಗೋಡೆ ಬೇಡಿದವರು ಭಕ್ತರೇ ಎಂಬ ಈ ಒಂದು ಸಂಗತಿಗಾಗಿಯೇ ಮೊದಲ ತರಗತಿಯ ಹಣ ಸಂದಿತು ಎಂದು ನನಗೆ ಅನಿಸಿತು.

ಇನ್ನು ತರಗತಿಯ ಕ್ರಮ. ಪಾಠ ಮುಗಿದ ಮೇಲೆ ಕೊನೆಯ ನಲವತ್ತು ನಿಮಿಷ ವಾದಕ್ಕೆ ಮೀಸಲು. ಹಳೆಯ ಬಿಸ್ಕಿಟ್ ಡಬ್ಬಿಯಿಂದ ಚೀಟಿ ಎತ್ತಬೇಕು. ಚೀಟಿಯಲ್ಲಿ ಯಾವ ಪಕ್ಷ ಬರುತ್ತದೋ ಅದರ ಪರವಾಗಿ ಮಾತನಾಡಬೇಕು, ನಿಮ್ಮ ಸ್ವಂತ ಅಭಿಪ್ರಾಯ ಏನೆಂದು ಯಾರೂ ಕೇಳುವುದಿಲ್ಲ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಲೆ ಕೇಳಿ ಬೆಳೆದ ಸೀಮೆಗೆ ಇದು ಹೊಸದಲ್ಲ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ, ವಾಲಿಯ ‘ಅರ್ಥ’, ಅಂದರೆ ಅವನ ಪಾಲಿನ ಮಾತು, ಹೇಳುವ ಅರ್ಥಧಾರಿ ಸಮರ್ಥನಾಗಿದ್ದರೆ ರಾಮಭಕ್ತರೇ ತುಂಬಿದ ಸಭೆಯೂ ಒಂದು ಗಳಿಗೆ ವಾಲಿಯ ಕಡೆಗೆ ವಾಲುತ್ತದೆ. ಪ್ರಸಂಗದ ಕೊನೆ ಬದಲಾಗುವುದಿಲ್ಲ, ವಾಲಿ ಸಾಯಲೇಬೇಕು. ಆದರೆ ಅವನ ಮಾತನ್ನು ಯಾರೂ ನುಂಗಿಹಾಕುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತ ನ್ಯಾಯಮೂರ್ತಿ ಬರೆಯುವ ಭಿನ್ನ ತೀರ್ಪು ಎಂದರೇನೆಂದು ವಕೀಲರು ವಿವರಿಸಲು ಹೊರಟಾಗ ನಮ್ಮಲ್ಲೊಬ್ಬರು, ಕೂತಲ್ಲಿಂದಲೇ, “ಅಂದರೆ ವಾಲಿಯ ಅರ್ಥ” ಎಂದರು. ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಮೂರನೆಯ ಭಾನುವಾರ ಬಂದದ್ದು ಧ್ವಜವಂದನೆಯ ಪ್ರಕರಣಗಳು. ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ, ಯೆಹೋವನ ಸಾಕ್ಷಿಗಳು ಎಂಬ ಪಂಥದ ಮನೆಯ ಇಬ್ಬರು ಮಕ್ಕಳು, ಹನ್ನೆರಡು ವರ್ಷದ ಲಿಲಿಯನ್ ಮತ್ತು ಹತ್ತು ವರ್ಷದ ವಿಲಿಯಂ, ಶಾಲೆಯಲ್ಲಿ ಧ್ವಜಕ್ಕೆ ವಂದಿಸಲು ಒಪ್ಪದೆ ಶಾಲೆಯಿಂದ ಹೊರಬಿದ್ದರು. ದೇವರಲ್ಲದ ಯಾವುದಕ್ಕೂ ತಲೆಬಾಗಬಾರದೆಂಬುದು ಅವರ ನಂಬಿಕೆ. 1940ರ ಜೂನಿನಲ್ಲಿ ಸುಪ್ರೀಂ ಕೋರ್ಟು ಎಂಟಕ್ಕೆ ಒಂದರಂತೆ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು. ಯುರೋಪಿನಲ್ಲಿ ಫ್ರಾನ್ಸ್ ಕುಸಿಯುತ್ತಿದ್ದ ವಾರಗಳವು. ದೇಶದ ಒಗ್ಗಟ್ಟಿನ ಮುಂದೆ ಇಬ್ಬರು ಮಕ್ಕಳ ಹಟ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ತೀರ್ಪಿನ ಬೆನ್ನಿಗೇ ಊರೂರುಗಳಲ್ಲಿ ಆ ಪಂಥದವರ ಮೇಲೆ ಗುಂಪುಗಳು ಏರಿಹೋದವು, ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಸಭಾಭವನಕ್ಕೆ ಬೆಂಕಿ ಬಿತ್ತು. ಒಂಟಿಯಾಗಿ ಭಿನ್ನ ತೀರ್ಪು ಬರೆದವರು ಹಾರ್ಲನ್ ಸ್ಟೋನ್. ಮೂರೇ ವರ್ಷದಲ್ಲಿ ಗಾಳಿ ತಿರುಗಿತು: ಸ್ಟೋನ್ ಮುಖ್ಯ ನ್ಯಾಯಮೂರ್ತಿಯಾದರು, ಮೊದಲ ತೀರ್ಪಿಗೆ ಸಹಿ ಹಾಕಿದ್ದವರಲ್ಲಿ ಮೂವರು ತಾವು ತಪ್ಪಿದೆವೆಂದು ಹೇಳಿಕೊಂಡರು, ವೆಸ್ಟ್ ವರ್ಜೀನಿಯಾದ ಅಂಥದೇ ಪ್ರಕರಣದಲ್ಲಿ 1943ರ ಜೂನ್ 14ರಂದು, ಅಂದರೆ ಆ ದೇಶದ ಧ್ವಜ ದಿನದಂದೇ, ಆರಕ್ಕೆ ಮೂರರಂತೆ ಹಿಂದಿನ ತೀರ್ಪು ಬಿದ್ದುಹೋಯಿತು. ರಾಜಕೀಯದಲ್ಲಾಗಲಿ ರಾಷ್ಟ್ರಭಕ್ತಿಯಲ್ಲಾಗಲಿ ಧರ್ಮದಲ್ಲಾಗಲಿ ಇದೇ ಸರಿಯಾದ ನಂಬಿಕೆ ಎಂದು ಗೊತ್ತುಮಾಡುವ ಅಧಿಕಾರ ದೊಡ್ಡ ಅಧಿಕಾರಿಗೂ ಇಲ್ಲ, ಸಣ್ಣ ಅಧಿಕಾರಿಗೂ ಇಲ್ಲ ಎಂಬುದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ಆ ತೀರ್ಪಿನ ತಿರುಳು. ಯುದ್ಧ ಆಗಲೂ ನಡೆದೇ ಇತ್ತು ಎಂಬುದನ್ನು ಅಕ್ಕೋರು ಎರಡು ಸಲ ಹೇಳಿದರು. ಇನ್ನೊಂದು ಸಂಗತಿ ಪುಸ್ತಿಕೆಯ ಅಡಿಟಿಪ್ಪಣಿಯಲ್ಲಿದೆ: ಈ ಎರಡೂ ಮನೆತನಗಳ ಹೆಸರು, ಗೋಬಿಟಾಸ್ ಮತ್ತು ಬಾರ್ನೆಟ್, ಕೋರ್ಟಿನ ಕಡತದಲ್ಲಿ ತಪ್ಪಾಗಿಯೇ ದಾಖಲಾಗಿ, ಇಂದಿಗೂ ಆ ತಪ್ಪು ಹೆಸರುಗಳಿಂದಲೇ ಪ್ರಕರಣಗಳು ಪ್ರಸಿದ್ಧವಾಗಿವೆ. ಹೆಸರನ್ನು ಸರಿಯಾಗಿ ಕೇಳಿಕೊಳ್ಳುವಷ್ಟೂ ಗಣ್ಯರಲ್ಲದವರಿಂದ ಇಡೀ ದೇಶದ ಮಕ್ಕಳಿಗೆ ಒಂದು ಹಕ್ಕು ದೊರಕಿತು.

ಇಲ್ಲಿ ನನ್ನ ಕೆಲಸದ ಮಾತು ಬರಬೇಕು. ಕೊಂಕಣ ರೈಲು ಮಾರ್ಗದ ಕಾಮಗಾರಿ ನಡೆಯುತ್ತಿದ್ದ 1990ರ ದಶಕದಲ್ಲಿ, ಕೆಲಸಕ್ಕೆಂದು ಕೇರಳದಿಂದ ಬಂದಿದ್ದ ಒಬ್ಬರ ಮಗ ನನ್ನ ಎಂಟನೆಯ ತರಗತಿಯಲ್ಲಿದ್ದ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರಂತೆ ನೆಟ್ಟಗೆ ನಿಲ್ಲುತ್ತಿದ್ದ. ರಾಷ್ಟ್ರಗೀತೆ ಶುರುವಾದರೆ ತುಟಿ ಮಾತ್ರ ಅಲುಗುತ್ತಿರಲಿಲ್ಲ. ನಾನು ಅವನನ್ನು ಎರಡು ದಿನ ತರಗತಿಯ ಹೊರಗೆ ನಿಲ್ಲಿಸಿದೆ, ತಂದೆಯನ್ನು ಕರೆಸಿದೆ. ಆ ಮನುಷ್ಯ ಕೈಮುಗಿದು, “ಅವನು ಎದ್ದು ನಿಲ್ಲುತ್ತಾನೆ ಮಾಸ್ತರೇ, ಹಾಡು ಎಂದು ಮಾತ್ರ ಹೇಳಬೇಡಿ” ಎಂದರು. ಅವರ ಹರುಕು ಮುರುಕು ಕನ್ನಡಕ್ಕೆ ನಾನು ದೇಶಭಕ್ತಿಯ ಭಾಷಣ ಮಾಡಿದೆ. ಕೆಲವು ವಾರಗಳಲ್ಲಿ ಹುಡುಗ ಶಾಲೆ ಬಿಟ್ಟ. ಮುಂದೆ ಎಲ್ಲಿಗೆ ಹೋದರೋ ಗೊತ್ತಿಲ್ಲ.

ಮಾಳಿಗೆಯಲ್ಲಿ ಆ ದಿನ ಅಕ್ಕೋರು ಓದಿ ಹೇಳಿದ ಇನ್ನೊಂದು ತೀರ್ಪು ನಮ್ಮದೇ ಸುಪ್ರೀಂ ಕೋರ್ಟಿನದು. ಕೇರಳದಲ್ಲಿ ಬಿಜೋಯ್ ಇಮ್ಯಾನುಯೆಲ್ ಮತ್ತು ಅವನ ಇಬ್ಬರು ತಂಗಿಯರು, ಅದೇ ಪಂಥದವರು, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು 1985ರಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟರು. 1986ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ನಮ್ಮ ಸಂವಿಧಾನದ 19 ಮತ್ತು 25ನೆಯ ವಿಧಿಗಳ ಜೊತೆಗೆ ಅಮೆರಿಕದ ಆ 1943ರ ತೀರ್ಪನ್ನೂ ಅದರಲ್ಲಿ ಚರ್ಚಿಸಿದ್ದಾರೆ. ಅಂದರೆ ನಾನು ಆ ಹುಡುಗನನ್ನು ಹೊರಗೆ ನಿಲ್ಲಿಸುವ ಹೊತ್ತಿಗೆ ಕಾನೂನು ಅವನ ಕಡೆ ಇದ್ದು ವರ್ಷಗಳೇ ಕಳೆದಿದ್ದವು, ಪೌರನೀತಿ ಕಲಿಸುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ. ಈ ತೀರ್ಪು ಪುಸ್ತಿಕೆಯಲ್ಲಿ ಇಲ್ಲದಿರುವುದು ಅದರ ದೊಡ್ಡ ಕೊರತೆ. ಅಮೆರಿಕದ ಪಾಠವೆಂದು ಬಿಟ್ಟರಂತೆ. ಆದರೆ ಆ ಪಾಠ ನಮ್ಮೂರಿನ ಶಾಲೆಯ ಅಂಗಳಕ್ಕೆ ಬಂದು ಮುಟ್ಟುವುದು ಈ ತೀರ್ಪಿನ ಮೂಲಕವೇ.

ಅಂದಿನ ವಾದದಲ್ಲಿ ನನಗೆ ಬಂದ ಚೀಟಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರದು. 1940ರಲ್ಲಿ ಶಾಲೆಯ ಪರ ತೀರ್ಪು ಬರೆದವರೂ ಅವರೇ, 1943ರಲ್ಲಿ ಸೋತ ಪಕ್ಷದಲ್ಲಿ ನಿಂತು ಭಿನ್ನ ತೀರ್ಪು ಬರೆದವರೂ ಅವರೇ. ವಿಯೆನ್ನಾದಲ್ಲಿ ಹುಟ್ಟಿ ಹನ್ನೆರಡನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದ ಯಹೂದಿ. ಅಲ್ಲಿನ ನಾಗರಿಕ ಸ್ವಾತಂತ್ರ್ಯ ಸಂಘವನ್ನು 1920ರಲ್ಲಿ ಕಟ್ಟಿದವರಲ್ಲಿ ಒಬ್ಬರು. ಕಿರುಕುಳ ಉಂಡ ಅಲ್ಪಸಂಖ್ಯಾತರಲ್ಲಿ ತಾನೂ ಒಬ್ಬ ಎಂದು ಹೇಳಿಕೊಂಡೇ, ನ್ಯಾಯಮೂರ್ತಿಯ ಸ್ವಂತ ಒಲವು ಕಾನೂನಾಗಬಾರದು, ಶಾಸನಸಭೆ ಮಾಡಿದ ನಿಯಮ ಕೆಟ್ಟದ್ದಾದರೆ ಜನ ಶಾಸನಸಭೆಯ ಮೂಲಕವೇ ಅದನ್ನು ಬದಲಿಸಿಕೊಳ್ಳಬೇಕು ಎಂದು ಅವರು ವಾದಿಸಿದ್ದರು. ನಾನು ಹದಿನೈದು ನಿಮಿಷ ತಡವರಿಸದೆ ಮಾತನಾಡಿದೆ. ಅಷ್ಟು ಸಲೀಸಾಗಿ ಬಂದದ್ದಕ್ಕೆ ಕಾರಣ ನನಗೇ ಗೊತ್ತಿತ್ತು, ಅದರಲ್ಲಿ ಅರ್ಧದಷ್ಟು ಮಾತನ್ನು ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಆಡಿದ್ದೆ. ಕೈಯೆತ್ತಿಸಿದಾಗ ನನ್ನ ಪಕ್ಷಕ್ಕೆ ಏಳು ಜನ ಸಿಕ್ಕರು. ನಾನು ಕೈ ಎತ್ತಲಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಪುಸ್ತಿಕೆಯ ಅನುವಾದ ಒಟ್ಟಿನಲ್ಲಿ ಓದಿಸಿಕೊಳ್ಳುತ್ತದೆ, ಆದರೆ ಪಾರಿಭಾಷಿಕ ಪದಗಳಲ್ಲಿ ಎಡವುತ್ತದೆ. ಸರ್ಕಾರ ತನ್ನದೊಂದು ಮತವನ್ನು ಸ್ಥಾಪಿಸಕೂಡದೆಂಬ ನಿಯಮವನ್ನು ‘ಸ್ಥಾಪನಾ ಷರತ್ತು’ ಎಂದು ಮಾಡಿದ್ದಾರೆ. ಸಹಕಾರಿ ಸಂಘದ ಬೈಲಾ ಓದಿದಂತಾಗುತ್ತದೆ. ಎಲ್ಲ ಕಡೆಯೂ ‘ಧರ್ಮ’ ಎಂದೇ ಬಳಸಿದ್ದು ಇನ್ನೊಂದು ತೊಡಕು, ಏಕೆಂದರೆ ನಮ್ಮ ಕಿವಿಗೆ ಆ ಪದದಲ್ಲಿ ಕರ್ತವ್ಯ, ದಾನ, ನ್ಯಾಯ ಎಲ್ಲವೂ ಕೇಳಿಸುತ್ತವೆ. ನನ್ನನ್ನು ಕೇಳಿದ್ದರೆ ‘ಮತ’ ಎನ್ನಿ ಎನ್ನುತ್ತಿದ್ದೆ. ಕನ್ನಡದಲ್ಲಿ ಮತವೆಂದರೆ ನಂಬಿಕೆಯ ಪಂಥವೂ ಹೌದು, ಅಭಿಪ್ರಾಯವೂ ಹೌದು, ಚುನಾವಣೆಯಲ್ಲಿ ಹಾಕುವ ಓಟೂ ಹೌದು. ಎಂಟು ವಾರ ನಾವು ಓದಿದ್ದು ಈ ಮೂರರ ಸಂಬಂಧವನ್ನೇ. ಕೈಯಲ್ಲೇ ಇದ್ದ ಇಂಥ ಪದವನ್ನು ಬಿಟ್ಟು ಅನುವಾದಕರು ನಿಘಂಟು ಹುಡುಕಿದ್ದಾರೆ.

ರಾಜಕೀಯ ಭಿನ್ನಮತದ ಎರಡು ಭಾನುವಾರಗಳು ಒಂದೇ ಮಟ್ಟದಲ್ಲಿರಲಿಲ್ಲ. ಯುಜೀನ್ ಡೆಬ್ಸ್ ಎಂಬ ಕಾರ್ಮಿಕ ನಾಯಕ 1918ರಲ್ಲಿ ಓಹಾಯೋದ ಕ್ಯಾಂಟನ್ನಿನಲ್ಲಿ ಯುದ್ಧವನ್ನು ಟೀಕಿಸಿ ಮಾಡಿದ ಒಂದು ಭಾಷಣಕ್ಕೆ ಹತ್ತು ವರ್ಷ ಶಿಕ್ಷೆ ಪಡೆದದ್ದು, ಮರುವರ್ಷ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಅದನ್ನು ಎತ್ತಿಹಿಡಿದದ್ದು, 1920ರಲ್ಲಿ ಆತ ಜೈಲಿನಿಂದಲೇ ಅಧ್ಯಕ್ಷ ಸ್ಥಾನಕ್ಕೆ ನಿಂತು ಒಂಬತ್ತು ಲಕ್ಷಕ್ಕೂ ಮಿಕ್ಕಿ ಓಟು ಪಡೆದದ್ದು, ಕೊನೆಗೆ 1921ರ ಕ್ರಿಸ್‌ಮಸ್‌ಗೆ ಬಿಡುಗಡೆಯಾದದ್ದು ಇವನ್ನೆಲ್ಲ ವಕೀಲರು ಕಥೆಯಂತೆ ಹೇಳಿದರು. ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದ ಟಿಂಕರ್ ಮನೆಯ ಮಕ್ಕಳ ಪ್ರಕರಣವನ್ನೂ (1969) ಮುಗಿಸಿದರು. ಆ ಮಕ್ಕಳ ತಂದೆ ಮೆಥಡಿಸ್ಟ್ ಪಾದ್ರಿ ಎಂಬುದನ್ನು ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಅವರ ಪಾಠ ಮಾತ್ರ ಬೇರೆಯೇ ತೂಕದ್ದು. 1963ರ ಏಪ್ರಿಲ್ 12, ಶುಭ ಶುಕ್ರವಾರ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೋರ್ಟಿನ ತಡೆಯಾಜ್ಞೆ ಮೀರಿ ಮೆರವಣಿಗೆ ಹೊರಟು ಅವರು ಜೈಲು ಸೇರಿದರು. ಅವರ ಚಳವಳಿ ಅವಸರದ್ದೆಂದು ಹೇಳಿಕೆ ಕೊಟ್ಟ ಎಂಟು ಜನ ಬಿಳಿಯ ಧರ್ಮಗುರುಗಳಿಗೆ ಅಲ್ಲಿಂದಲೇ ಉತ್ತರ ಬರೆದರು. ಪಾದ್ರಿಯೊಬ್ಬ ಧರ್ಮಗುರುಗಳಿಗೆ ಬರೆದ ಪತ್ರವದು, ನ್ಯಾಯವಲ್ಲದ ಕಾನೂನು ಕಾನೂನೇ ಅಲ್ಲವೆಂಬ ಸಂತ ಆಗಸ್ಟೀನನ ಮಾತು ಅದರ ನಡುಗಂಬ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅಕ್ಕೋರು ಇದರ ಮುಂದಿನದನ್ನೂ ಹೇಳಿದರು: ಆ ಮೆರವಣಿಗೆಯ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1967ರಲ್ಲಿ ಐದಕ್ಕೆ ನಾಲ್ಕರಂತೆ ಎತ್ತಿಹಿಡಿಯಿತು, ತಡೆಯಾಜ್ಞೆ ತಪ್ಪಾಗಿದ್ದರೆ ಅದನ್ನು ಮೊದಲು ಕೋರ್ಟಿನಲ್ಲೇ ಪ್ರಶ್ನಿಸಬೇಕಿತ್ತು ಎಂದಿತು, ಆಗಲೇ ನೊಬೆಲ್ ಪ್ರಶಸ್ತಿ ಪಡೆದಿದ್ದ ಕಿಂಗ್ ಹೋಗಿ ಜೈಲಿನಲ್ಲಿ ಕುಳಿತು ಬಂದರು. ಆ ದೇಶವನ್ನು ಹೊಗಳಲೆಂದೇ ಬಂದಿದ್ದ ನಮ್ಮಲ್ಲಿ ಕೆಲವರಿಗೆ ಇದು ರುಚಿಸಲಿಲ್ಲ.

ಆದರೆ ಇದೇ ತರಗತಿಯಲ್ಲಿ ಒಂದು ದೊಡ್ಡ ಅವಕಾಶ ಕೈತಪ್ಪಿತು. ಗುಲಾಮಗಿರಿಯನ್ನು ಒಪ್ಪುವ, ಮೆಕ್ಸಿಕೋದ ಮೇಲೆ ಯುದ್ಧ ಹೂಡಿದ ಸರ್ಕಾರಕ್ಕೆ ತಲೆಗಂದಾಯ ಕಟ್ಟುವುದಿಲ್ಲವೆಂದು 1846ರಲ್ಲಿ ಜೈಲಿಗೆ ಹೋದ ಅಮೆರಿಕದ ಲೇಖಕ ಥೋರೋ, ಯಾರೋ ಅವನ ಪರವಾಗಿ ಹಣ ಕಟ್ಟಿದ್ದರಿಂದ ಒಂದೇ ರಾತ್ರಿಯಲ್ಲಿ ಹೊರಬಂದ. ಅವನ ಬರಹವನ್ನು ಗಾಂಧೀಜಿ ಓದಿ ಮೆಚ್ಚಿದ್ದರು ಎಂಬಲ್ಲಿಗೆ ವಕೀಲರು ಪುಟ ಮಗುಚಿದರು. ಕುಳಿತಿದ್ದವರಲ್ಲಿ ಇಬ್ಬರು ಸಿದ್ದಾಪುರದ ಕಡೆಯವರು, ಒಬ್ಬರು ಅಂಕೋಲೆಯವರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಗಿ, ಅದರ ಬೆನ್ನಿಗೆ ಈ ಎರಡೂ ಸೀಮೆಗಳಲ್ಲಿ ಕರನಿರಾಕರಣೆ ನಡೆದು, ಕಂದಾಯ ಕಟ್ಟದ ರೈತರು ಹೊಲಮನೆ ಕಳೆದುಕೊಂಡದ್ದು ಅವರ ಮನೆಗಳ ಕಥೆ. ಥೋರೋ ಕಳೆದುಕೊಂಡದ್ದು ಒಂದು ರಾತ್ರಿಯ ನಿದ್ದೆ. ಅಮೆರಿಕದ ಒಂದು ವಿಚಾರ ಗುಜರಾತಿನ ದಾರಿಯಾಗಿ ನಮ್ಮ ಜಿಲ್ಲೆಗೆ ಬಂದು ಎಷ್ಟು ಬೆಲೆ ತೆತ್ತಿತೆಂದು ಆ ಮೂವರನ್ನು ಹತ್ತು ನಿಮಿಷ ಕೇಳಿದ್ದರೆ ಸಾಕಿತ್ತು.

ಕೇಳದಿದ್ದುದಕ್ಕೆ ಸಮಯದ ಅಭಾವವೊಂದೇ ಕಾರಣವಲ್ಲ. ಮೊದಲ ದಿನವೇ ಹಾಕಿದ ಒಂದು ನಿಯಮವಿತ್ತು: ಊರಿನ ರಾಜಕೀಯ, ಈಗಿನ ಪಕ್ಷಗಳ ಹೆಸರು ಮಾಳಿಗೆಯಲ್ಲಿ ಬರಬಾರದು. ಐದನೆಯ ವಾರ ಒಬ್ಬ ಯುವಕ ಜಿಲ್ಲೆಯ ಈಚಿನ ಘಟನೆಯೊಂದನ್ನು ಎತ್ತಿದಾಗ ವಕೀಲರು ಮೇಜಿನ ಮೇಲಿನ ಗಂಟೆ ಬಾರಿಸಿದರು. ಭಿನ್ನಮತದ ಪಾಠದಲ್ಲಿ ಗಂಟೆ ಬಾರಿಸುವುದು ಸರಿಯೇ ಎಂದು ನಾನು ಆಮೇಲೆ ಕೇಳಿದೆ. “ಮಾಸ್ತರೇ, ಮಾಳಿಗೆ ಉಳಿಯಬೇಕಲ್ಲ” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಹತ್ತೊಂಬತ್ತು ಜನರಲ್ಲಿ ಎಲ್ಲ ಬಣ್ಣದವರೂ ಇದ್ದರು, ಎಂಟೂ ವಾರ ಯಾರೂ ಬಿಟ್ಟುಹೋಗದೆ ಕುಳಿತದ್ದು ಬಹುಶಃ ಆ ಗಂಟೆಯ ದೆಸೆಯಿಂದಲೇ. ಆದರೂ ಆ ಹುಡುಗ ಮುಂದಿನ ಮೂರು ವಾರ ಬಾಯಿಬಿಡಲಿಲ್ಲ ಎಂಬುದನ್ನು ವಿಮರ್ಶೆಯಲ್ಲಿ ದಾಖಲಿಸದಿರಲು ನನ್ನಿಂದಾಗದು.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಆರನೆಯ ಭಾನುವಾರ, ಕಾನೂನಿನಿಂದ ನಂಬಿಕೆಗೆ ವಿನಾಯಿತಿ ಕೊಡಬೇಕೇ ಎಂಬ ಪ್ರಶ್ನೆ. ವಿಸ್ಕಾನ್ಸಿನ್ನಿನ ಆಮಿಶ್ ಪಂಥದವರು ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸಲು ಒಪ್ಪದೆ ತಲಾ ಐದು ಡಾಲರ್ ದಂಡಕ್ಕೆ ಗುರಿಯಾದಾಗ, 1972ರಲ್ಲಿ ಸುಪ್ರೀಂ ಕೋರ್ಟು ಆ ತಂದೆಯರ ಪರ ನಿಂತಿತು. ನ್ಯಾಯಮೂರ್ತಿ ಡಗ್ಲಾಸ್ ಮಾತ್ರ, ಮಕ್ಕಳನ್ನು ಕೇಳಿದಿರಾ, ಅವರಿಗೆ ಪಿಯಾನೋ ನುಡಿಸುವ ಆಸೆಯೋ ಆಕಾಶಯಾನಿಯಾಗುವ ಆಸೆಯೋ ಇದ್ದರೆ ಎಂಬ ಅರ್ಥದ ಪ್ರಶ್ನೆ ಹಾಕಿದರು. ಮೂವತ್ತೊಂದು ವರ್ಷ ಎಂಟನೆಯ ತರಗತಿಗೆ ಪಾಠ ಹೇಳಿದವನಿಗೆ ಆ ಪ್ರಶ್ನೆಯನ್ನು ದಾಟಿ ಮುಂದೆ ಹೋಗುವುದು ಕಷ್ಟವಾಯಿತು. ಆಗ ಅಡಿಕೆ ತೋಟದ ಹಿರಿಯರೊಬ್ಬರು ಎದ್ದು, “ನಂಬಿಕೆ ಎಂದೊಡನೆ ಕಾಯ್ದೆ ದಾರಿ ಬಿಡುವುದಾದರೆ ಅಕ್ಕೋರೇ, ನಾಳೆ ಬೆಳಗಾಗುವಷ್ಟರಲ್ಲಿ ಎಲ್ಲರಿಗೂ ಒಂದೊಂದು ನಂಬಿಕೆ ಹುಟ್ಟುತ್ತದೆ” ಎಂದರು. ಅಕ್ಕೋರು ನಕ್ಕು, “ಭಟ್ಟರೇ, ನೀವು ಈಗ 1990ರ ತೀರ್ಪು ಬರೆದಿರಿ” ಎಂದರು.

ಅದು ಆರೆಗಾನ್ ರಾಜ್ಯದ ಪ್ರಕರಣ. ಮೂಲನಿವಾಸಿಗಳ ಚರ್ಚಿನ ಆಚರಣೆಯಲ್ಲಿ ಪೆಯೋಟಿ ಎಂಬ ಅಮಲಿನ ಕಳ್ಳಿಯನ್ನು ಸೇವಿಸಿದ ಇಬ್ಬರು ಕೆಲಸ ಕಳೆದುಕೊಂಡು, ನಿರುದ್ಯೋಗ ಭತ್ಯೆಯೂ ಸಿಗದೆ ಕೋರ್ಟಿಗೆ ಹೋದರು. ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಕಾನೂನಿನಿಂದ ನಂಬಿಕೆಯ ಹೆಸರಿನಲ್ಲಿ ಹೊರಗುಳಿಯುವ ಹಕ್ಕು ಸಂವಿಧಾನದಲ್ಲಿಲ್ಲ ಎಂದು ತೀರ್ಪು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ. ಸ್ವತಃ ನಿಷ್ಠಾವಂತ ಕ್ಯಾಥೊಲಿಕರು, ಸಂಪ್ರದಾಯವಾದಿಗಳ ಕಣ್ಮಣಿ. ಆ ತೀರ್ಪಿನ ವಿರುದ್ಧ ಎಡದವರೂ ಬಲದವರೂ ಒಟ್ಟಾಗಿ 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯ್ದೆ ತಂದರು, ಸೆನೆಟ್ಟಿನಲ್ಲಿ 97 ಪರ, ಮೂರೇ ವಿರೋಧ. ಆ ಒಗ್ಗಟ್ಟು ಈಗ ಉಳಿದಿಲ್ಲ. ನಂಬಿಕೆಯ ವಿನಾಯಿತಿ ಕೇಳುವವರು ದುರ್ಬಲ ಪಂಥದವರಾಗಿದ್ದಾಗ ಉದಾರವಾದಿಗಳು ಅವರ ಬೆನ್ನಿಗಿದ್ದರು. ಸಲಿಂಗಿ ಜೋಡಿಯ ಮದುವೆಗೆ ಕೇಕು ಮಾಡಿಕೊಡುವುದಿಲ್ಲವೆಂದ ಕೊಲರಾಡೋದ ಬೇಕರಿಯವನ ಪ್ರಕರಣದ (2018) ಹೊತ್ತಿಗೆ ಪಕ್ಷಗಳು ಅದಲುಬದಲಾಗಿದ್ದವು. ಆ ಬೇಕರಿಯವನು ಗೆದ್ದದ್ದು ಕೇಕಿನ ಪ್ರಶ್ನೆಯ ಮೇಲಲ್ಲ, ರಾಜ್ಯದ ಆಯೋಗ ಅವನ ನಂಬಿಕೆಯನ್ನು ಹೀಗಳೆದು ಮಾತನಾಡಿತೆಂಬ ಕಾರಣಕ್ಕೆ ಎಂಬ ಸೂಕ್ಷ್ಮವನ್ನು ಅಕ್ಕೋರು ತಾಳ್ಮೆಯಿಂದ ಬಿಡಿಸಿದರು. ಯಾವ ಪಕ್ಷದವರೂ ಅಂದು ಪೂರ್ತಿ ಸಮಾಧಾನದಿಂದ ಮನೆಗೆ ಹೋಗಲಿಲ್ಲ. ಭಟ್ಟರಂತೂ ತಾವು ಸ್ಕಾಲಿಯಾ ಕಡೆಯೋ ಪೆಯೋಟಿಯವರ ಕಡೆಯೋ ಎಂದು ಕೆಳಗಿಳಿಯುವ ತನಕ ಕೇಳುತ್ತಲೇ ಇದ್ದರು.

ಕೊರತೆಗಳನ್ನು ಹೇಳಿ ಮುಗಿಸುತ್ತೇನೆ. 1943ರಲ್ಲಿ ಮನಸ್ಸಾಕ್ಷಿಯನ್ನು ಎತ್ತಿಹಿಡಿದ ಅದೇ ಕೋರ್ಟು 1944ರ ಡಿಸೆಂಬರಿನಲ್ಲಿ, ಜಪಾನೀ ಮೂಲದವರನ್ನು ಪಶ್ಚಿಮ ಕರಾವಳಿಯಿಂದ ಹೊರದಬ್ಬಿದ ಆದೇಶವನ್ನು ಆರಕ್ಕೆ ಮೂರರಂತೆ ಒಪ್ಪಿತು. ಆ ಯುದ್ಧಕಾಲದಲ್ಲಿ ಸುಮಾರು 1.2 ಲಕ್ಷ ಜನ ಶಿಬಿರಗಳ ಪಾಲಾದರು, ಅವರಲ್ಲಿ ಹೆಚ್ಚಿನವರು ಅಮೆರಿಕದ ನಾಗರಿಕರೇ. ಪುಸ್ತಿಕೆ ಇದಕ್ಕೆ ಕೊಟ್ಟಿರುವುದು ಒಂದೇ ಸಾಲು. ಧ್ವಜದ ತೀರ್ಪಿಗೆ ಹದಿನಾಲ್ಕು ಪುಟ ಕೊಟ್ಟವರು ಇದಕ್ಕೆ ನಾಲ್ಕಾದರೂ ಕೊಡಬೇಕಿತ್ತು. ಕೊನೆಯ ಭಾನುವಾರ ಮಳೆಗೆ ಕರೆಂಟು ಹೋಗಿ, ಶಾಲಾ ಪ್ರಾರ್ಥನೆಯ ಇಡೀ ಚರಿತ್ರೆ ಮೇಣದ ಬತ್ತಿಯ ಬೆಳಕಿನಲ್ಲಿ ಓಡಿತು: ನ್ಯೂಯಾರ್ಕಿನ ಶಾಲೆಗಳಲ್ಲಿ ಅಧಿಕಾರಿಗಳೇ ರಚಿಸಿಕೊಟ್ಟ 22 ಪದಗಳ ಪ್ರಾರ್ಥನೆಯನ್ನು 1962ರಲ್ಲಿ ಕೋರ್ಟು ತೆಗೆಸಿದ್ದರಿಂದ ಹಿಡಿದು, ಆಟ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ ಫುಟ್‌ಬಾಲ್ ತರಬೇತುದಾರನ ಪರ 2022ರಲ್ಲಿ ಬಂದ ತೀರ್ಪಿನವರೆಗೆ ಅರವತ್ತು ವರ್ಷ ನಲವತ್ತು ನಿಮಿಷದಲ್ಲಿ ಮುಗಿಯಿತು. ಅಮೆರಿಕದಲ್ಲಿರುವ ಮಕ್ಕಳ ಫೋನಿನ ಮಾತು ಅರ್ಥವಾಗಲೆಂದು ಬಂದವರಿಗೆ ಬೇಕಾಗಿದ್ದ ಭಾಗ ಅದೇ ಆಗಿತ್ತು. ಮಾಳಿಗೆಯ ಮೆಟ್ಟಿಲು ಕಡಿದು, ಹಿಡಿಕೆಯ ಹಗ್ಗ ಮಳೆಗೆ ಜಾರುತ್ತದೆ. ಮಂಡಿ ನೋವಿನವರು ಯೋಚಿಸಿ ಸೇರಬೇಕು. ವಕೀಲರ ಇಳಿದನಿ ಹೆಂಚಿನ ಮೇಲೆ ಬೀಳುವ ಮಳೆಯಲ್ಲಿ ಹಿಂದಿನ ಸಾಲಿಗೆ ಕೇಳುವುದಿಲ್ಲ, ಮುಂದೆ ಕೂರುವುದು ಲೇಸು.

ಇಷ್ಟಾದರೂ 1,500 ರೂಪಾಯಿ ಹೆಚ್ಚಾಯಿತೆಂದು ನಾನು ಹೇಳಲಾರೆ, ಮುಂದಿನ ವರ್ಷದ ವಿಷಯ ಏನೇ ಇರಲಿ ಸೇರುವವನಿದ್ದೇನೆ. ಇದೇ ಪಾಠವನ್ನು ದೀಪಾವಳಿಯ ನಂತರ ಇನ್ನೊಂದು ಗುಂಪಿಗೆ ಹೇಳುವರಂತೆ. ಕೇರಳದ ಮಕ್ಕಳ ತೀರ್ಪನ್ನು ಪುಸ್ತಿಕೆಗೆ ಸೇರಿಸಬೇಕೆಂದು ನಾನು ಬರೆದುಕೊಟ್ಟಾಗ ಅಕ್ಕೋರು, “ಕನ್ನಡಕ್ಕೆ ನೀವೇ ತಂದುಕೊಡಿ ಮಾಸ್ತರೇ, ಜೆರಾಕ್ಸ್ ಖರ್ಚು ನಮ್ಮದು” ಎಂದರು. ಒಪ್ಪಿಕೊಂಡಿದ್ದೇನೆ. ಅರ್ಧದಷ್ಟು ಆಗಿದೆ, ಮಕ್ಕಳು ಎದ್ದು ನಿಂತಿದ್ದರು ಎಂದು ಬರುವ ಕಡೆಯಲ್ಲೆಲ್ಲ ಕೆಲಸ ನಿಧಾನವಾಗುತ್ತದೆ.